ಕುರ್ಲಾದಲ್ಲಿ ಕಿಟ್ ಎಂದರೆ

ಕುರ್ಲಾದ ಸಿಎಸ್‌ಟಿ ರಸ್ತೆಯ ಯಾವುದಾದರೂ ಮೋಟಾರು ಬಿಡಿಭಾಗದ ಅಂಗಡಿಗೆ ಹೋಗಿ ‘ಕಾರಿನ ಕಿಟ್ ಬೇಕಿತ್ತು’ ಎಂದರೆ ಸಿಲಿಂಡರ್ ಎಷ್ಟು ದೊಡ್ಡದು ಬೇಕು ಎಂಬ ಪ್ರಶ್ನೆ ಬರುತ್ತದೆ. ಈ ಊರಿನಲ್ಲಿ ಕಿಟ್ ಎಂದರೆ ಸಿಎನ್‌ಜಿ ಕಿಟ್. ಟ್ಯಾಕ್ಸಿ, ರಿಕ್ಷಾ, ಆಫೀಸಿಗೆ ಓಡಾಡುವ ವ್ಯಾಗನಾರ್ ಎಲ್ಲವೂ ಅದರ ಮೇಲೆ ಓಡುತ್ತವೆ. ಬೇರೆ ಅರ್ಥದ ಕಿಟ್ ಒಂದಿದೆ, ಅದನ್ನು ತಂದು ಮನೆಯಲ್ಲೇ ಇಡೀ ಕಾರು ಕಟ್ಟಬಹುದು ಎಂದು ಹೇಳಿದರೆ ಅಂಗಡಿಯವನು ನಕ್ಕು ಪಕ್ಕದವನನ್ನು ಕರೆದು ತೋರಿಸಿಯಾನು.

ಆದರೂ ಆ ಹುಚ್ಚು ಹಿಡಿದವರು ಮುಂಬೈಯಲ್ಲಿದ್ದಾರೆ. ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಮನೆ, ವಾರಕ್ಕೆ ಐದು ದಿನ ಲೋಕಲ್ ಪ್ರಯಾಣ, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಇಂಗ್ಲೆಂಡಿನ ಯಾರೋ ತನ್ನ ಶೆಡ್ಡಿನಲ್ಲಿ ಪುಟ್ಟ ಸ್ಪೋರ್ಟ್ಸ್ ಕಾರು ಜೋಡಿಸುವುದನ್ನು ನೋಡುತ್ತ ಮಲಗುವವರು. ಅವರ ಪ್ರಶ್ನೆ ಸರಳ: ಕಡಿಮೆ ಖರ್ಚಿನ, ಹೊಸಬರ ಕೈಗೆ ಬಗ್ಗುವ ಕಿಟ್ ಕಾರು ಯಾವುದು? ಉತ್ತರವೂ ಸರಳವೇ, ಆದರೆ ಅವರು ನಿರೀಕ್ಷಿಸಿದ್ದಲ್ಲ. ಮುಂಬೈಯಲ್ಲಿ ರಸ್ತೆಗಿಳಿಸಬಹುದಾದ ಕಿಟ್ ಕಾರು ಎಂದರೆ ಆರ್‌ಸಿ ಇನ್ನೂ ಜೀವಂತವಾಗಿರುವ ಒಂದು ಹಳೆಯ ಸಣ್ಣ ಕಾರು. ಅದನ್ನು ಕೊನೆಯ ಬೋಲ್ಟಿನವರೆಗೆ ಬಿಚ್ಚಿ ಮತ್ತೆ ಕಟ್ಟುವುದು. ಈ ದೇಶದ ಕಾನೂನಿನಲ್ಲಿ ಒಂದೇ ಒಂದು ಕಾರು ಕಟ್ಟುವ ಮನುಷ್ಯನಿಗೆ ಬಾಗಿಲು ಇಲ್ಲದಿರುವುದರಿಂದ ಬಂದ ಉತ್ತರ ಇದು. ಆ ಬಾಗಿಲು ಇರಬೇಕಿತ್ತು.

ಕಿಟ್ ಕಾರು ಎಂಬುದು ಹುಟ್ಟಿದ್ದೇ ತೆರಿಗೆಯ ಸಂದಿಯಲ್ಲಿ. ಬ್ರಿಟನ್ನಿನಲ್ಲಿ ಪೂರ್ತಿ ಕಾರು ಕೊಂಡರೆ ಪರ್ಚೇಸ್ ಟ್ಯಾಕ್ಸ್ ಕೊಡಬೇಕಿತ್ತು, ಬಿಡಿಭಾಗಗಳಿಗೆ ಅದು ಇರಲಿಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಅನ್ನು ಕಾಲಿನ್ ಚಾಪ್‌ಮನ್‌ರ ಕಂಪನಿ ಪೆಟ್ಟಿಗೆಗಳಲ್ಲಿ ಮಾರಿತು. ಜೋಡಿಸುವ ವಿಧಾನವನ್ನು ಬರೆದುಕೊಟ್ಟರೆ ಅದೂ ಪೂರ್ತಿ ಕಾರು ಎನಿಸಿಕೊಳ್ಳುತ್ತದೆ ಎಂಬ ನಿಯಮವಿತ್ತಂತೆ. ಅದಕ್ಕೇ ಕಂಪನಿ ಕಾರನ್ನು ಬಿಚ್ಚುವ ವಿಧಾನವನ್ನು ಅಚ್ಚು ಹಾಕಿಸಿ ಕೊಟ್ಟಿತು, ಕೊಂಡವರು ಹಿಂದಿನಿಂದ ಮುಂದಕ್ಕೆ ಓದಿಕೊಂಡರು ಎಂದು ಕಥೆಯಿದೆ. 1973ರಲ್ಲಿ ಆ ತೆರಿಗೆ ಹೋಯಿತು. ಅದೇ ವರ್ಷ ಕೇಟರ್‌ಹ್ಯಾಮ್ ಎಂಬ ಸಣ್ಣ ಕಂಪನಿ ಸೆವೆನ್ನಿನ ಹಕ್ಕು ಕೊಂಡಿತು, ಇಂದಿಗೂ ಮಾರುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು ಕೇವಲ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದರು. ಚೌಕ ಕಬ್ಬಿಣದ ಕೊಳವೆ ಕತ್ತರಿಸಿ ಬೆಸೆದ ಚಾಸಿ, ಗುಜರಿಗೆ ಹೋಗಲಿದ್ದ ಹಳೆ ಫೋರ್ಡ್ ಎಸ್ಕಾರ್ಟಿನ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್. ಹೀಗೆ ಅಂಗಾಂಗ ಕೊಡುವ ಹಳೆ ಕಾರಿಗೆ ಅಲ್ಲಿ ಡೋನರ್ ಎನ್ನುತ್ತಾರೆ.

ಇದನ್ನೆಲ್ಲ ಮುಂಬೈಯಿಂದ ನೋಡುವಾಗ ಮರೆಯಬಾರದ ಒಂದು ಸಂಗತಿಯಿದೆ. ಭಾರತದ ಕಾರು ಉದ್ಯಮ ಹುಟ್ಟಿದ್ದೇ ಈ ಊರಿಗೆ ಹಡಗಿನಲ್ಲಿ ಬಂದ ಕಿಟ್‌ಗಳಿಂದ. 1928ರಲ್ಲಿ ಜನರಲ್ ಮೋಟಾರ್ಸ್ ಶಿವಡಿಯಲ್ಲಿ ಕಾರ್ಖಾನೆ ತೆರೆದು, ಪೆಟ್ಟಿಗೆಗಳಲ್ಲಿ ಬಂದ ಷೆವರ್ಲೆಗಳನ್ನು ಜೋಡಿಸಿ ಮಾರಿತು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ 1947ರಲ್ಲಿ ಕುರ್ಲಾದಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳನ್ನು ಹೀಗೆಯೇ ಕಟ್ಟಿತು, ಆಮೇಲೆ ಫಿಯಟ್. ಮಹೀಂದ್ರ 1949ರಲ್ಲಿ ಮಝಗಾಂವ್‌ನಲ್ಲಿ ಬಿಚ್ಚಿ ತಂದ ವಿಲ್ಲೀಸ್ ಜೀಪುಗಳನ್ನು ನಿಲ್ಲಿಸಿತು. ಪೆಟ್ಟಿಗೆ ಒಡೆದು, ಚಾಸಿ ಇಟ್ಟು, ಎಂಜಿನ್ ಇಳಿಸಿ, ನಟ್ ಬಿಗಿದ ಆ ಫಿಟ್ಟರುಗಳು ಕಲಿತ ಕೈಕೆಲಸವೇ ಮುಂದೆ ಕುರ್ಲಾದ, ಒಪೇರಾ ಹೌಸಿನ, ಮಾಟುಂಗಾದ ಗ್ಯಾರೇಜುಗಳಿಗೆ ಹರಿದು ಬಂತು. ಅಷ್ಟು ಕಿಟ್ ಜೋಡಿಸಿದ ಊರಿನಲ್ಲಿ ಇಂದು ಒಬ್ಬ ವ್ಯಕ್ತಿ ಒಂದು ಕಿಟ್ ಜೋಡಿಸಿದರೆ ಅದಕ್ಕೆ ನಂಬರ್ ಪ್ಲೇಟ್ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ‘ಎಲ್ಲಾ ಆರ್‌ಟಿಓದಲ್ಲಿ ಆಗುತ್ತೆ, ಏಜೆಂಟ್ ಹತ್ತಿರ ಮಾತಾಡೋಣ’ ಎನ್ನುವವರು ಕಡಿಮೆಯಿಲ್ಲ. ಆಗುವುದಿಲ್ಲ. ಹೊಸ ವಾಹನ ನೋಂದಣಿಗೆ ಫಾರ್ಮ್ 20ರ ಜೊತೆ ಫಾರ್ಮ್ 21 ಬೇಕು, ಅದು ಮಾರಾಟದ ಪತ್ರ. ಫಾರ್ಮ್ 22 ಬೇಕು, ಅದು ಈ ವಾಹನ ಹೊಗೆ ಮತ್ತು ಸುರಕ್ಷತೆಯ ನಿಯಮಗಳಿಗೆ ಒಪ್ಪುತ್ತದೆ, ರಸ್ತೆಗೆ ತಕ್ಕದ್ದು ಎಂದು ತಯಾರಕ ಕೊಡುವ ಪ್ರಮಾಣಪತ್ರ. ಶನಿವಾರ ಭಾನುವಾರ ಕೂತು ಕಾರು ಕಟ್ಟಿದವನಿಗೆ ತಯಾರಕನೆಂಬ ಪಟ್ಟ ಕೊಟ್ಟವರು ಯಾರು? ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ಪ್ರತಿ ವಾಹನದ ಮೂಲಮಾದರಿ ಸರ್ಕಾರ ಗೊತ್ತುಮಾಡಿದ ಪರೀಕ್ಷಾ ಸಂಸ್ಥೆಯೊಂದರಲ್ಲಿ ಪಾಸಾಗಬೇಕು. 2020ರ ಏಪ್ರಿಲಿನಿಂದ ಎಂಜಿನ್ ಬಿಎಸ್-6 ಇರಬೇಕು. ಕಾರುಗಳಿಗೆ ಡಿಕ್ಕಿ ಪರೀಕ್ಷೆಯೂ ಕಡ್ಡಾಯ. ಸಾವಿರಾರು ಕಾರು ಮಾರುವ ಕಂಪನಿ ಒಂದೆರಡನ್ನು ಗೋಡೆಗೆ ಗುದ್ದಿಸಿ ಒಡೆದರೆ ಅದಕ್ಕೆ ನಷ್ಟವಿಲ್ಲ. ಇರುವುದೇ ಒಂದು ಕಾರಾದರೆ, ಪರೀಕ್ಷೆಯಲ್ಲಿ ಪಾಸಾದ ದಿನ ಮನೆಗೆ ತರಲು ಉಳಿಯುವುದು ಸರ್ಟಿಫಿಕೇಟು ಮಾತ್ರ.

ವಿದೇಶದ ಕಿಟ್ಟನ್ನು ತರಿಸುವ ಯೋಚನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಕಸ್ಟಮ್ಸ್ ಸುಂಕ ಕಟ್ಟಿ ಪೆಟ್ಟಿಗೆ ಬಿಡಿಸಿಕೊಂಡರೂ ಕೊನೆಗೆ ಕೈಯಲ್ಲಿರುವುದು ಫಾರ್ಮ್ 22 ಇಲ್ಲದ ಕಾರು. ಸೆವೆನ್ನಿನ ರೂಪದ ಕಾರು ಮುಂಬೈಯ ಹತ್ತಿರವೇ ತಯಾರಾದದ್ದೂ ಉಂಟು. ಸಮುದ್ರದ ಆಚೆ ದಡದ ಆಲಿಬಾಗಿನಲ್ಲಿ ಗೀಡೋ ಬೋಥೆ ದಂಪತಿಯ ಚಿಂಕಾರಾ ಮೋಟಾರ್ಸ್, ಕಾಂಟೆಸ್ಸಾದಲ್ಲಿ ಬರುತ್ತಿದ್ದ ಇಸುಜು 1.8 ಲೀಟರ್ ಎಂಜಿನ್ ಕೂರಿಸಿ ಫೈಬರ್‌ಗ್ಲಾಸ್ ಮೈಯ ರೋಡ್‌ಸ್ಟರ್ ಮಾಡಿತು. ಅದು ಕಂಪನಿ ಮಾಡಿದ ಕಾರು, ಕೆಲವೇ ಕೆಲವು ಮಂದಿ ಕೊಂಡರು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1998ರಲ್ಲಿ ತಂದ ಸ್ಟಾರ್ಮ್ ಕೂಡ ಫೈಬರ್‌ಗ್ಲಾಸ್ ಮೈಯ, ಎರಡು ಸೀಟಿನ ಪುಟ್ಟ ಕಾರೇ. ಅದೂ ಹೆಚ್ಚು ಮಾರಾಟವಾಗಲಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಸುರಿಯುವ ಕರಾವಳಿಯಲ್ಲಿ ಬಾಗಿಲೂ ಸೂರೂ ಇಲ್ಲದ ಕಾರನ್ನು ಯಾರಿಗೆ ಮಾರುವುದು ಎಂಬುದು ಬೇರೆ ಮಾತು.

ಸರಿ, ಹೊಸದು ಬೇಡ, ಹಳೆ ಕಾರಿನ ಆರ್‌ಸಿ ಇಟ್ಟುಕೊಂಡು ಮೈ ಮಾತ್ರ ಬೇರೆ ಮಾಡೋಣ ಎಂಬ ಉಪಾಯವೊಂದು ಉಳಿಯುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೆ ಜೀಪುಗಳನ್ನು ಕತ್ತರಿಸಿ ಜೋಡಿಸಿ ಹೊಸ ರೂಪ ಕೊಡುವ ಒಂದು ಪೇಟೆಯೇ ಈ ಉಪಾಯದ ಮೇಲೆ ನಿಂತಿದೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಮೊದಲು ನಿಗದಿ ಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ, ಎಂದು ಬಂತು. ಕಾನೂನು ಬಾಗುವುದು ಮುಖ್ಯವಾಗಿ ಇಂಧನದ ವಿಷಯದಲ್ಲಿ: ಪರೀಕ್ಷೆಯಾದ ಸಿಎನ್‌ಜಿ ಕಿಟ್ ಅಥವಾ ವಿದ್ಯುತ್ ಕಿಟ್ಟನ್ನು ಅಧಿಕೃತ ಕೇಂದ್ರದಲ್ಲಿ ಹಾಕಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು. ಕುರ್ಲಾದ ಅಂಗಡಿಯವನ ‘ಕಿಟ್’ ಒಂದು ರೀತಿಯಲ್ಲಿ ಸರಿಯಾದ ಕಾನೂನು ಜ್ಞಾನವೇ.

ಇದು ಯಾವಾಗಲೂ ಹೀಗಿರಲಿಲ್ಲ. ಕರ್ನಾಟಕದ ಗಡಿಗೆ ಅಂಟಿಕೊಂಡಂತಿರುವ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬುವರು 1949ರಲ್ಲಿ ತಮ್ಮದೇ ಒಂದು ಪುಟ್ಟ ಕಾರು ಕಟ್ಟಿದರು. ಎಂಜಿನಿಯರಿಂಗ್ ಓದಿದವರಲ್ಲ. ಆ ಕಾರಿಗೆ ನೋಂದಣಿ ಸಂಖ್ಯೆಯೂ ಸಿಕ್ಕಿತ್ತು: ಎಂಎಚ್‌ಕೆ 1906. ಒಂದಾದ ಮೇಲೊಂದು ಮಾದರಿ ತಿದ್ದುತ್ತ 1970ರ ದಶಕದವರೆಗೆ ಬಂದರು. ‘ಮೀರಾ’ ಎಂದು ಹೆಸರಿಟ್ಟ ಆ ಕಾರನ್ನು 12,000 ರೂಪಾಯಿಗೆ ಮಾರುವ ಲೆಕ್ಕ ಹಾಕಿದ್ದರು. ಗಾಳಿಯಿಂದ ತಣಿಯುವ ಎಂಜಿನ್, ರಬ್ಬರಿನ ಸಸ್ಪೆನ್ಷನ್. ಅದು ಕಾರ್ಖಾನೆಯ ತಯಾರಿಕೆಗೆ ಎಂದೂ ಹೋಗಲಿಲ್ಲ. ಆ ಸೋಲಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಇಲ್ಲಿ ಗಮನಿಸಬೇಕಾದದ್ದು ಆ ನಂಬರ್ ಪ್ಲೇಟು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಒಬ್ಬ ವ್ಯಕ್ತಿ ಕಟ್ಟಿದ ಒಂದು ಕಾರಿಗೆ ಸರ್ಕಾರದ ಪುಸ್ತಕದಲ್ಲಿ ಒಂದು ಸಾಲು ಜಾಗವಿತ್ತು.

ಇನ್ನೊಂದು ಕಥೆ ಇಚಲಕರಂಜಿಯಿಂದ ಬಹಳ ದೂರದ್ದಲ್ಲ, ಆದರೆ ಎಪ್ಪತ್ತು ವರ್ಷ ಈಚಿನದು. ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ದತ್ತಾತ್ರೇಯ ಲೋಹಾರ್, ಹೆಸರೇ ಹೇಳುವಂತೆ ಕಮ್ಮಾರಿಕೆಯವರು, ಮಗನ ಆಸೆಗೆಂದು ಸುಮಾರು 60,000 ರೂಪಾಯಿಯಲ್ಲಿ ಗುಜರಿ ಸಾಮಾನಿನಿಂದ ಒಂದು ಪುಟ್ಟ ಜೀಪು ಮಾಡಿದರು. ಬೈಕಿನಂತೆ ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಜೀಪು. 2021ರ ಡಿಸೆಂಬರಿನಲ್ಲಿ ಅದರ ವಿಡಿಯೋ ದೇಶವೆಲ್ಲ ಓಡಾಡಿತು. ಆನಂದ್ ಮಹೀಂದ್ರ ಅದನ್ನು ಮೆಚ್ಚಿ, ಇದು ನಿಯಮಗಳಿಗೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ, ಅದರ ಬದಲಿಗೆ ಒಂದು ಬೊಲೆರೊ ಕೊಡುತ್ತೇನೆ ಎಂದರು. 2022ರ ಜನವರಿಯಲ್ಲಿ ಕೊಟ್ಟರು. ಜೀಪು ಕಂಪನಿಯ ಸಂಗ್ರಹಕ್ಕೆ ಹೋಯಿತು. ಲೋಹಾರ್ ಕುಟುಂಬಕ್ಕೆ ಒಳ್ಳೆಯದಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಕಾರು ಕಟ್ಟಿದವನಿಗೆ ಸಿಕ್ಕ ಅತ್ಯಂತ ದೊಡ್ಡ ಗೌರವ ಎಂದರೆ ಬೇರೆಯವರು ಕಟ್ಟಿದ ಕಾರು. ನಡುವೆ ಆರ್‌ಟಿಓ ಇನ್ಸ್‌ಪೆಕ್ಟರೊಬ್ಬರು ಬಂದು, ‘ಬ್ರೇಕು ತೋರಿಸಿ, ಲೈಟು ಹೀಗೆ ಹಾಕಿ, ಈ ಅಂಚು ಮಡಚಿ, ಮುಂದಿನ ತಿಂಗಳು ಮತ್ತೆ ತನ್ನಿ’ ಎಂದು ಹೇಳುವ ವ್ಯವಸ್ಥೆ ಇರಲಿಲ್ಲ.

ಬ್ರಿಟನ್ನಿನಲ್ಲಿ ಇರುವುದು ಅದೇ. 2009ರಿಂದ ಐವಿಎ ಎಂಬ ಹೆಸರಿನಲ್ಲಿ ಒಂದೊಂದೇ ವಾಹನವನ್ನು ಪರೀಕ್ಷಿಸಿ ಒಪ್ಪಿಗೆ ಕೊಡುತ್ತಾರೆ. ಅದಕ್ಕೂ ಮೊದಲು ಬೇರೆ ಹೆಸರಿನಲ್ಲಿ ಇತ್ತು. ಕಾರನ್ನು ಗೋಡೆಗೆ ಗುದ್ದಿಸುವುದಿಲ್ಲ. ಸೀಟ್ ಬೆಲ್ಟ್ ಹಿಡಿದಿರುವ ಜಾಗ, ಸ್ಟೇರಿಂಗ್, ಬ್ರೇಕಿನ ಸಮತೋಲ, ಕನ್ನಡಿಯಲ್ಲಿ ಎಷ್ಟು ಕಾಣುತ್ತದೆ, ಹೊರಗೆ ಚಾಚಿದ ಚೂಪು ಅಂಚುಗಳು, ಸದ್ದು, ಹೊಗೆ, ಎಲ್ಲವನ್ನೂ ಅಳೆಯುತ್ತಾರೆ. ಮೊದಲ ಸಲ ಫೇಲಾಗುವವರು ಬಹಳ. ತಿದ್ದಿಕೊಂಡು ಮತ್ತೆ ಹೋಗುತ್ತಾರೆ. ಭಾಗಗಳ ರಸೀದಿ, ಕಟ್ಟುವಾಗ ತೆಗೆದ ಫೋಟೋಗಳನ್ನು ತೋರಿಸಬೇಕಾಗುತ್ತದೆ.

ಈ ರಸೀದಿಯ ಮಾತು ಮುಖ್ಯ, ಯಾಕೆಂದರೆ ಭಾರತದಲ್ಲಿ ಬರುವ ಮೊದಲ ಆಕ್ಷೇಪ ಅದೇ: ಕದ್ದ ಕಾರುಗಳನ್ನು ಒಡೆದು ಬಿಡಿಭಾಗ ಮಾಡಿ ಮಾರುವ ದಂಧೆ ಇರುವಲ್ಲಿ ಇಂಥ ಬಾಗಿಲು ತೆರೆದರೆ ಚಾಸಿ ನಂಬರ್ ಉಜ್ಜಿದ ಪ್ರತಿ ಕಾರೂ ‘ಮನೆಯಲ್ಲಿ ಕಟ್ಟಿದ್ದು’ ಎಂದು ಬಂದು ನಿಲ್ಲುತ್ತದೆ. ಹುಸಿ ಭಯವಲ್ಲ ಇದು. ಎರಡನೆಯದು ಸುರಕ್ಷತೆ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಟ್ಯಾಂಕರುಗಳ ನಡುವೆ ಯಾರೋ ಭಾನುವಾರ ಬೆಸೆದ ಚಾಸಿ ಓಡುವುದು ಆ ಚಾಲಕನೊಬ್ಬನ ಅಪಾಯವಲ್ಲ. ಈ ಎರಡನ್ನೂ ಒಪ್ಪಿಕೊಂಡೇ ಕೇಳಬಹುದಾದ ಪ್ರಶ್ನೆಯಿದೆ. ಲಾರಿಗಳ ವಿಷಯದಲ್ಲಿ ಇದೇ ದೇಶ ಏನು ಮಾಡುತ್ತದೆ? ಕಂಪನಿಯಿಂದ ಬರುವುದು ಬರೀ ಚಾಸಿ. ಅದು ನಾಮಕ್ಕಲ್ಲಿಗೋ ಇನ್ನೆಲ್ಲಿಗೋ ಹೋಗಿ ಮರ, ತಗಡಿನ ಮೈ ಹೊತ್ತು ಬರುತ್ತದೆ. ಅದಕ್ಕೆಂದೇ ಫಾರ್ಮ್ 22-ಎ ಎಂಬುದಿದೆ. ಅದರ ಮೊದಲ ಭಾಗಕ್ಕೆ ಚಾಸಿ ತಯಾರಕರ ಸಹಿ, ಎರಡನೆಯದಕ್ಕೆ ಮೈ ಕಟ್ಟಿದವರ ಸಹಿ. ಪರೀಕ್ಷೆಯಾದ ಚಾಸಿಯ ಮೇಲೆ ಇನ್ನೊಬ್ಬರು ಮೈ ಕಟ್ಟಬಹುದು ಎಂಬ ತತ್ವ ಹತ್ತು ಟನ್ನಿನ ವಾಹನಕ್ಕೆ ಒಪ್ಪಿತವಾಗಿದೆ. ಆರುನೂರು ಕೆಜಿಯ ಎರಡು ಸೀಟಿನ ಕಾರಿಗೆ ಅದನ್ನು ಎಳೆದು ತರುವುದು ಅಸಾಧ್ಯದ ಕೆಲಸವೇನಲ್ಲ. ಯಾವುದಾದರೂ ಕಂಪನಿ ಎಂಜಿನ್ ಸಮೇತ ಪರೀಕ್ಷೆಯಾದ ಚಾಸಿ ಮಾರಲಿ, ಮೈಯನ್ನು ಮಾಲೀಕ ಕಟ್ಟಲಿ, ರಸೀದಿಗಳ ಕಟ್ಟು ಹಿಡಿದು ಒಮ್ಮೆ ಪರೀಕ್ಷೆಗೆ ಬರಲಿ. ಒಬ್ಬರಿಗೆ ಹತ್ತು ವರ್ಷಕ್ಕೆ ಒಂದೇ ಎಂದು ಮಿತಿ ಹಾಕಲಿ. ಪರೀಕ್ಷೆಗೆ ದೂರವೂ ಹೋಗಬೇಕಿಲ್ಲ: ಪುಣೆಯಲ್ಲಿ ಎಆರ್‌ಎಐ ಇದೆ, ಸಿಐಆರ್‌ಟಿ ಇದೆ, ಅಹಿಲ್ಯಾನಗರದಲ್ಲಿ (ಹಿಂದಿನ ಅಹಮದ್‌ನಗರ) ವಿಆರ್‌ಡಿಇ ಇದೆ. 126ನೇ ನಿಯಮ ಹೆಸರಿಸುವ ಸಂಸ್ಥೆಗಳಲ್ಲಿ ಮೂರು ಮುಂಬೈಯಿಂದ ಒಂದು ದಿನದ ದಾರಿಯೊಳಗಿವೆ.

ಹುಡುಗರಿಗೆ ಕಟ್ಟಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಐಐಟಿ ಬಾಂಬೆಯ ವಿದ್ಯಾರ್ಥಿಗಳು ವಿದ್ಯುತ್ ರೇಸ್ ಕಾರು ಕಟ್ಟಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿಗೆ ಒಯ್ದಿದ್ದಾರೆ. ವಿದ್ಯಾವಿಹಾರದ ಸೋಮೈಯಾ ಕಾಲೇಜಿನಂತಹ ಕಡೆ ತಂಡಗಳು ತಮ್ಮದೇ ಚಾಸಿ ಬೆಸೆಯುತ್ತವೆ. 2007ರಿಂದ ನಡೆಯುವ ಬಾಹಾ ಸ್ಪರ್ಧೆಗೆ ದೇಶದ ಮೂಲೆಮೂಲೆಯ ಕಾಲೇಜುಗಳಿಂದ ಬಗ್ಗಿಗಳು ಬರುತ್ತವೆ. ಇಪ್ಪತ್ತನೇ ವಯಸ್ಸಿನಲ್ಲಿ ಕಾಲೇಜಿನ ವರ್ಕ್‌ಶಾಪಿನಲ್ಲಿ ಕಾರು ಕಟ್ಟಿದವನು ಇಪ್ಪತ್ತೈದರಲ್ಲಿ ಸಂಬಳ ಬರುವಾಗ ಅದೇ ಕೆಲಸವನ್ನು ತನ್ನ ದುಡ್ಡಿನಲ್ಲಿ, ರಸ್ತೆಗಾಗಿ ಮಾಡಲಾರ. ಕಲಿತ ಕೈ ಅಲ್ಲಿಗೇ ನಿಲ್ಲುತ್ತದೆ.

ನಿಯಮ ಬದಲಾಗುವವರೆಗೆ ಕಾಯುವುದು ಅನಿವಾರ್ಯವಲ್ಲ ಎಂಬುದು ಸಮಾಧಾನ. ಕಿಟ್ ಕಾರು ಕಟ್ಟುವುದರಲ್ಲಿ ಕಲಿಯುವುದರ ಬಹುಪಾಲನ್ನು ಹಳೆ ಕಾರೊಂದನ್ನು ಪೂರ್ತಿ ಬಿಚ್ಚಿ ಕಟ್ಟಿಯೂ ಕಲಿಯಬಹುದು. ತಯಾರಕರು ಕೊಟ್ಟ ಭಾಗಕ್ಕೆ ಅದೇ ಬಗೆಯ ಭಾಗ ಹಾಕಿದರೆ 52ನೇ ಕಲಂ ಅಡ್ಡ ಬರುವುದಿಲ್ಲ. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲಿ ಬರೆಸಬೇಕು, ಅಷ್ಟೆ.

ಹಾಗಾದರೆ ಯಾವ ಕಾರು? ಮನಸ್ಸು ಮೊದಲು ಹೋಗುವುದು ಜೀಪಿನ ಕಡೆಗೆ. ಏಣಿಯಂಥ ಚಾಸಿ, ಮೈ ಬೇರೆ, ಚಾಸಿ ಬೇರೆ, ಎಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಕಾಗದಪತ್ರದಲ್ಲಿ ಇದಕ್ಕಿಂತ ಕೆಟ್ಟದ್ದೂ ಇಲ್ಲ. ಹರಾಜಿನಲ್ಲಿ ಬಂದ ಜೀಪು, ಎಂಜಿನ್ ಎರಡು ಸಲ ಬದಲಾದ ಜೀಪು, ಇನ್ನೊಂದರ ಆರ್‌ಸಿ ಹೊತ್ತ ಜೀಪು. ಹೊಸಬರು ದೂರ ಇರುವುದು ಲೇಸು. ಮಾರುತಿ ಜಿಪ್ಸಿ ಅದೇ ಏಣಿ ಚಾಸಿಯ, ಹಗುರ ಪೆಟ್ರೋಲ್ ಎಂಜಿನ್ನಿನ, ಕಾಗದ ಸಾಮಾನ್ಯವಾಗಿ ಸರಿಯಿರುವ ಗಾಡಿ. ಆದರೆ ಬೆಟ್ಟ ಹತ್ತುವವರೆಲ್ಲ ಅದರ ಹಿಂದೆ ಬಿದ್ದಿರುವುದರಿಂದ ಬೆಲೆ ಏರಿ ಕೂತಿದೆ. ಅಗ್ಗ ಎಂಬ ಷರತ್ತಿಗೆ ಅದು ಹೊಂದುವುದಿಲ್ಲ.

ಪದ್ಮಿನಿಯ ಮೇಲೆ ಮುಂಬೈಯವರಿಗಿರುವ ಪ್ರೀತಿ ಬೇರೆಯೇ. ಕಾಳಿ-ಪೀಲಿಯಾಗಿ ಅದು ಕೊನೆಯ ಸಲ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಖಾಸಗಿ ಪದ್ಮಿನಿಗಳು ಇನ್ನೂ ಇವೆ. 1089 ಸಿಸಿಯ ಸರಳ ಎಂಜಿನ್, ಕಾರ್ಬ್ಯುರೇಟರ್, ಎಲೆಕ್ಟ್ರಾನಿಕ್ಸ್ ಎಂಬುದೇ ಇಲ್ಲ. ಎಂಜಿನ್ ಭಾಗಗಳು ಹುಡುಕಿದರೆ ಸಿಗುತ್ತವೆ. ಆದರೆ ಅದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಚಾಸಿ, ಆ ಮೈಗೆ ಸಮುದ್ರದ ಉಪ್ಪುಗಾಳಿ ದಶಕಗಳಿಂದ ತಗುಲಿದೆ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿದ್ದರೆ ಅದು ತಗಡಿನ ಕೆಲಸದಲ್ಲಿ ಕೈ ಪಳಗಿದ ಮಿಸ್ತ್ರಿಯ ಪಾಲು, ಹೊಸಬರದ್ದಲ್ಲ. 50 ವರ್ಷ ದಾಟಿದ ಫಿಯಟ್ಟಿಗೆ 2021ರ ವಿಂಟೇಜ್ ನಿಯಮದಲ್ಲಿ ‘ವಿಎ’ ಅಕ್ಷರದ ನಂಬರ್ ಪಡೆಯಬಹುದು, ಆದರೆ ಹಾಗೆ ಪಡೆದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಮೊದಲ ಕಾರಾಗಿ ಬೇಡ. ಎರಡನೆಯದಾಗಿ ಯಾರಾದರೂ ಕಟ್ಟಿದರೆ ನೋಡಲು ಜನ ಸೇರುತ್ತಾರೆ.

ಉಳಿದದ್ದು ಮಾರುತಿ 800. ನೋಡಲು ಬಡಪಾಯಿ, ಕನಸಿನ ಕಾರಂತೂ ಅಲ್ಲ. ಅದರ ಹೆಸರು ಕೇಳಿದ ಕೂಡಲೇ ಸ್ಪೋರ್ಟ್ಸ್ ಕಾರಿನ ಕನಸಿನವರ ಮುಖ ಸಣ್ಣಗಾಗುತ್ತದೆ. ಆದರೆ ಷರತ್ತುಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ ಇದರಷ್ಟು ಒಪ್ಪುವ ಇನ್ನೊಂದಿಲ್ಲ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಎಷ್ಟು ಪುಟ್ಟದೆಂದರೆ ಸಣ್ಣ ಚೈನ್ ಪುಲ್ಲಿಯಲ್ಲಿ ಎತ್ತಬಹುದು. ಕಾರನ್ನು ಬಿಚ್ಚಲು ಹೆಚ್ಚಿನ ಕಡೆ 10, 12, 14, 17ರ ಸ್ಪ್ಯಾನರುಗಳೇ ಸಾಕು. 1983ರಿಂದ 2014ರವರೆಗೆ ತಯಾರಾದ ಕಾರು, ಭಾಗ ಸಿಗದ ಊರಿಲ್ಲ, ತಿಳಿಯದ ಮೆಕ್ಯಾನಿಕ್ ಇಲ್ಲ. ಹಳೆಯದರಲ್ಲಿ ಕಾರ್ಬ್ಯುರೇಟರ್, 2000ದ ಆಚೀಚೆಯಿಂದ ಎಂಪಿಎಫ್‌ಐ. ಮನೆಯಲ್ಲಿ ಬಿಚ್ಚಿ ಕಲಿಯಲು ಕಾರ್ಬ್ಯುರೇಟರಿನದು ಚೆನ್ನ, ಹೊಗೆ ಪರೀಕ್ಷೆಗೂ ಮಳೆಗಾಲದ ಬೆಳಗ್ಗೆ ಸ್ಟಾರ್ಟ್ ಆಗುವುದಕ್ಕೂ ಎಂಪಿಎಫ್‌ಐ ಚೆನ್ನ. ಹೊಸಬರು ಎರಡನೆಯದನ್ನೇ ಆರಿಸಲಿ. ಇದೂ ಪ್ರತ್ಯೇಕ ಚಾಸಿ ಇಲ್ಲದ ಕಾರೇ, ಆದ್ದರಿಂದ ತುಕ್ಕಿನ ಮಾತು ಇದಕ್ಕೂ ಅನ್ವಯಿಸುತ್ತದೆ. ವ್ಯತ್ಯಾಸ ಇಷ್ಟೇ: ತುಕ್ಕು ಹಿಡಿದದ್ದನ್ನು ಬಿಟ್ಟು ಇನ್ನೊಂದು ನೋಡಲು ಇಲ್ಲಿ ಸಾಕಷ್ಟು ಕಾರುಗಳಿವೆ.

ಒಂದು ಲೆಕ್ಕ ಮಾತ್ರ ಮೊದಲೇ ಹಾಕಬೇಕು. ಬಿಎಸ್-4 ಬಂದಾಗ, 2010ರ ಏಪ್ರಿಲಿನಿಂದ, ಮುಂಬೈ ಸೇರಿ ದೊಡ್ಡ ನಗರಗಳಲ್ಲಿ 800ರ ಮಾರಾಟ ನಿಂತಿತು. ಅಂದರೆ ಮುಂಬೈ ನಂಬರಿನ 800 ಹೆಚ್ಚುಕಡಿಮೆ ಎಲ್ಲವೂ 15 ವರ್ಷ ದಾಟಿದವು. ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಅದರ ಮೇಲೆ ಹಸಿರು ತೆರಿಗೆ, ಥರ್ಡ್ ಪಾರ್ಟಿ ವಿಮೆ. ಕಾರಿನ ಬೆಲೆ ಒಂದು ಒಳ್ಳೆಯ ಮೊಬೈಲ್ ಫೋನಿನಷ್ಟಿರುವಾಗ ಈ ಕಾಗದದ ಖರ್ಚೇ ದೊಡ್ಡದೆನಿಸುತ್ತದೆ. ಆದ್ದರಿಂದ ಬಾನೆಟ್ ಎತ್ತುವ ಮೊದಲು ಆರ್‌ಸಿ ನೋಡಬೇಕು: ನವೀಕರಣವಾಗಿ ಮೂರು ನಾಲ್ಕು ವರ್ಷ ಉಳಿದಿದೆಯೇ, ಬ್ಯಾಂಕಿನ ಸಾಲದ ನಮೂದು ತೆಗೆಸಿದ್ದಾರೆಯೇ, ಚಲನ್ ಬಾಕಿ ಇದೆಯೇ, ಮಾರುವವನ ಹೆಸರೂ ಆರ್‌ಸಿಯ ಹೆಸರೂ ಒಂದೆಯೇ. ಚಾಸಿ ನಂಬರ್ ಎಂಜಿನ್ ಕೋಣೆಯ ಹಿಂಬದಿ ತಗಡಿನಲ್ಲಿ ಕೊರೆದಿರುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ ಅಕ್ಷರ ಅಕ್ಷರ ಓದಬೇಕು. ಆಮೇಲೆ ತುಕ್ಕು ಉಜ್ಜುವಾಗಲೂ ಆ ತಗಡಿನ ಮೇಲೆ ಗ್ರೈಂಡರ್ ಹೋಗದಂತೆ ಟೇಪು ಸುತ್ತಿಡಬೇಕು. ನಂಬರ್ ಮಾಸಿದರೆ ಕೈಯಲ್ಲಿರುವುದು ಕಾರಲ್ಲ, ಭಂಗಾರ್.

ಜಾಗದ ಮಾತು. ‘ಮನೆಯಲ್ಲೇ’ ಎಂಬ ಪದ ಮುಂಬೈಯಲ್ಲಿ ಸುಲಭವಾಗಿ ಆಡುವಂಥದ್ದಲ್ಲ. 2016ರ ರೇರಾ ಕಾಯ್ದೆ ಗ್ಯಾರೇಜ್ ಎಂದರೆ ಸೂರು ಮತ್ತು ಮೂರು ಕಡೆ ಗೋಡೆ ಇರುವ ಜಾಗ ಎನ್ನುತ್ತದೆ. ಕಟ್ಟಡದ ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜಲ್ಲ ಎಂದು 2010ರಲ್ಲಿ ದಹಿಸರಿನ ಸೊಸೈಟಿಯೊಂದರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಅಲ್ಲಿ ಎಂಜಿನ್ ಇಳಿಸಿಟ್ಟರೆ ಮೂರನೇ ದಿನ ಸೆಕ್ರೆಟರಿಯವರ ನೋಟಿಸು ಬರುತ್ತದೆ, ಬರಬೇಕಾದದ್ದೇ. ಪೆಟ್ರೋಲು ವಾಸನೆ, ವೆಲ್ಡಿಂಗ್ ಕಿಡಿ ಇರುವಲ್ಲಿ ಮೇಲೆ ನಲವತ್ತು ಸಂಸಾರ ಮಲಗಿರುತ್ತವೆ. ಇಬ್ಬರು ಮೂವರು ಗೆಳೆಯರು ಸೇರಿ ವಸಾಯಿ ಪೂರ್ವದಲ್ಲೋ ಭಿವಂಡಿಯಲ್ಲೋ ಒಂದು ಗಾಲಾದ ಮೂಲೆ ಬಾಡಿಗೆಗೆ ಹಿಡಿಯುವುದು, ಬದ್ಲಾಪುರ, ಕರ್ಜತ್ ಕಡೆ ಯಾರದಾದರೂ ಅಂಗಳ ಕೇಳುವುದು, ಇವು ನಡೆಯುವ ದಾರಿಗಳು. ಮುಂಬೈ ಕನ್ನಡಿಗರಿಗೆ ಊರಿನ ಮನೆಯ ಕೊಟ್ಟಿಗೆ ನೆನಪಾಗುವುದು ಸಹಜ. ಉಡುಪಿಯ ಕಡೆ ಜಾಗಕ್ಕೇನು ಬರವಿಲ್ಲ. ಆದರೆ ವರ್ಷಕ್ಕೆ ಎರಡು ಸಲ, ಕೈಯಲ್ಲಿ ಒಂದು ವಾರ ಇಟ್ಟುಕೊಂಡು ಹೋಗುವಲ್ಲಿ ಬಿಚ್ಚಿಟ್ಟ ಕಾರು ಬಿಚ್ಚಿಟ್ಟ ಹಾಗೆಯೇ ಇರುತ್ತದೆ, ಕೋಳಿ ಮೊಟ್ಟೆ ಇಡುತ್ತದೆ. ಮುಗಿದು ಓಡಿಸಿದರೂ, ಮಹಾರಾಷ್ಟ್ರದ ನಂಬರಿನ ಕಾರು ಕರ್ನಾಟಕದಲ್ಲಿ 12 ತಿಂಗಳು ಮೀರಿ ಇದ್ದರೆ ಅಲ್ಲಿಯ ನೋಂದಣಿ, ಅಲ್ಲಿಯ ತೆರಿಗೆ.

ಸ್ಪೋರ್ಟ್ಸ್ ಕಾರಿನ ಹುಚ್ಚು ಇಷ್ಟಕ್ಕೂ ಇಳಿಯದವರಿಗೆ ಇನ್ನೊಂದು ದಾರಿ ಇದೆ, ಆದರೆ ಅದು ರಸ್ತೆಗೆ ಹೋಗುವುದಿಲ್ಲ. ರಾನ್ ಚಾಂಪಿಯನ್ನರ ಬಗೆಯ ಚಾಸಿಗೆ ಹಿಂದಿನ ಚಕ್ರ ತಿರುಗಿಸುವ ಡೋನರ್ ಬೇಕು. ಇಲ್ಲಿ ಅದು ಮಾರುತಿ ಓಮ್ನಿ: 800ರದೇ ಎಂಜಿನ್, ಹಿಂದಿನ ಆಕ್ಸಲ್‌ಗೆ ಶಾಫ್ಟ್. ಖಾಸಗಿ ಜಮೀನಿನಲ್ಲಿ, ಟ್ರ್ಯಾಕಿನಲ್ಲಿ ಓಡಿಸಲು ನಂಬರ್ ಪ್ಲೇಟು ಬೇಕಿಲ್ಲ, ಟ್ರಕ್ಕಿನ ಮೇಲೆ ಹೊತ್ತು ಒಯ್ಯಬೇಕು. ವೆಲ್ಡಿಂಗ್ ಬಾರದವರು ಇದಕ್ಕೆ ಕೈ ಹಾಕಬಾರದು. ಮೊದಲು 800, ಆಮೇಲೆ ಓಮ್ನಿ.

ಸಲಕರಣೆಗೆ ನಾಗದೇವಿ ಸ್ಟ್ರೀಟಿನಲ್ಲಿ ಒಂದು ಮಧ್ಯಾಹ್ನ ಸಾಕು: ಒಳ್ಳೆಯ ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್, ಎರಡು ಜೊತೆ ಜಾಕ್ ಸ್ಟ್ಯಾಂಡ್. ಈ ಕೊನೆಯದರಲ್ಲಿ ಉಳಿತಾಯ ಮಾಡಿ ಇಟ್ಟಿಗೆ ಇಟ್ಟು ಕೆಳಗೆ ನುಗ್ಗಿದವರ ಕಥೆಗಳು ಪ್ರತಿ ಗ್ಯಾರೇಜಿನಲ್ಲೂ ಇವೆ. ಬ್ರೇಕಿನ ಭಾಗಗಳನ್ನು ಹಳೆ ಮಾಲಿನ ಅಂಗಡಿಯಿಂದ ತರಬಾರದು, ಹೊಸದೇ, ರಸೀದಿ ಸಮೇತ. ಬಾಗಿಲು, ದೀಪ, ಸೀಟುಗಳನ್ನು ಕುರ್ಲಾದಲ್ಲಿ ಚೌಕಾಸಿ ಮಾಡಿ ತಂದರೆ ತಪ್ಪಿಲ್ಲ, ಅಲ್ಲಿಯೂ ಬಿಲ್ಲು ಕೇಳಬೇಕು, ಕೊಡದವನ ಹತ್ತಿರ ಕೊಳ್ಳಬಾರದು.

ಶುರು ಮಾಡಲು ಒಳ್ಳೆಯ ತಿಂಗಳು ಅಕ್ಟೋಬರ್. ಮಳೆ ಹೋಗಿರುತ್ತದೆ, ತಗಡು ಒಣಗಿರುತ್ತದೆ, ತುಕ್ಕು ಉಜ್ಜಿದ ಮೇಲೆ ಪ್ರೈಮರ್ ಹಿಡಿಯುತ್ತದೆ. ಶನಿವಾರ ಭಾನುವಾರ ಮಾತ್ರ ಕೆಲಸ ಎಂದಾದರೆ ಬಿಚ್ಚಿ ತೊಳೆಯುವುದರಲ್ಲೇ ದೀಪಾವಳಿ ಕಳೆಯುತ್ತದೆ, ಎಂಜಿನ್ ತಿರುಗಿ ಕೂರುವಾಗ ಹೋಳಿ ಬಂದಿರುತ್ತದೆ. ಮೇ ಕೊನೆಯೊಳಗೆ ಗಾಜುಗಳೂ ಬಾಗಿಲ ರಬ್ಬರುಗಳೂ ಕೂತಿರಬೇಕು. ಜೂನ್ ಮೊದಲ ಮಳೆಯ ದಿನ ಒಳಗೆ ಕೂತು, ನೀರು ಯಾವ ಮೂಲೆಯಿಂದ ಇಳಿಯುತ್ತದೆಂದು ನೋಡಿ, ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು.